ತಂತಿ ಬದಲಿಸುವ ಹೊತ್ತು

ಮಳೆಗಾಲದಲ್ಲಿ ಕರಾವಳಿಯ ಮನೆಗಳಲ್ಲಿ ಉಪ್ಪು ನೀರೊಡೆಯುತ್ತದೆ, ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ. ಗೋಡೆಗೆ ತೂಗುಹಾಕಿದ ಗಿಟಾರಿನ ಸಪುರ ತಂತಿಗಳ ಮೇಲೆ ಸಣ್ಣ ಸಣ್ಣ ಕಂದು ಚುಕ್ಕೆಗಳೇಳುತ್ತವೆ. ಬೆರಳು ಜಾರಿಸಿದರೆ ಮರಳುಕಾಗದ ಮುಟ್ಟಿದಂತಾಗುತ್ತದೆ. ಮಂಗಳೂರು, ಉಡುಪಿ ಕಡೆ ಇಗರ್ಜಿಯ ಗಾಯನವೃಂದಗಳಲ್ಲಿ ಗಿಟಾರ್ ನುಡಿಸುವವರೆಲ್ಲ ಬಲ್ಲ ಕಷ್ಟ ಇದು. ಕೋಟಿಂಗ್ ಇರುವ ತಂತಿ ನಮ್ಮ ಹವೆಗೆಂದೇ ಹುಟ್ಟಿತೇನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಅದು ಹುಟ್ಟಿದ ಕತೆಯೂ ಚೆಂದ. 1969ರಲ್ಲಿ ಅಮೆರಿಕದ ಬಾಬ್ ಗೋರ್, ಕಾಯಿಸಿದ ಪಿಟಿಎಫ್ಇ ಪ್ಲಾಸ್ಟಿಕ್ಕಿನ ಸರಳೊಂದನ್ನು ರಪ್ಪನೆ ಎಳೆದರು. ಅದು ತುಂಡಾಗಲಿಲ್ಲ. ಹಲವು ಪಟ್ಟು ಹಿಗ್ಗಿ, ಕಣ್ಣಿಗೆ ಕಾಣದ ರಂಧ್ರಗಳ ವಸ್ತುವಾಯಿತು. ಗೋರ್-ಟೆಕ್ಸ್ ಮಳೆಕೋಟು ಬಂದದ್ದು ಅದರಿಂದಲೇ. ಗೋರ್ ಅವರ ಕಂಪನಿಯಲ್ಲಿ ಹೃದ್ರೋಗಿಗಳಿಗೆ ಬೇಕಾದ ಸಾಧನಗಳ ಕೆಲಸದಲ್ಲಿದ್ದ ಡೇವ್ ಮೈಯರ್ಸ್ ಎಂಬ ಇಂಜಿನಿಯರ್ ತಮ್ಮ ಸೈಕಲ್ಲಿನ ಗೇರ್ ಕೇಬಲ್ಲಿಗೆ ಆ ವಸ್ತುವಿನ ಲೇಪ ಹಾಕಿ ನೋಡಿದರು. ಅಲ್ಲಿಂದ ಯೋಚನೆ ಗಿಟಾರಿನ ತಂತಿಗೆ ಹೊರಳಿತು. 1990ರ ದಶಕದಲ್ಲಿ ಎಲಿಕ್ಸರ್ ಹೆಸರಿನ ಕೋಟಿಂಗ್ ತಂತಿಗಳು ಮಾರುಕಟ್ಟೆಗೆ ಬಂದವು. ಮಳೆಕೋಟು ತೊಟ್ಟ ತಂತಿ ಎಂದರೆ ಉತ್ಪ್ರೇಕ್ಷೆಯೇನಲ್ಲ.

ಮಳೆಕೋಟು ತೊಟ್ಟರೂ ತಂತಿಗೆ ಮುಪ್ಪು ತಪ್ಪಿದ್ದಲ್ಲ. ಹಾಗಾದರೆ ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು? ಗಿಟಾರ್ ಹಿಡಿದ ಗೆಳೆಯರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು.

ಉತ್ತರ ತಿಳಿಯಬೇಕಾದರೆ ತಂತಿ ಹೇಗೆ ಹಳತಾಗುತ್ತದೆಂದು ನೋಡಬೇಕು. ಅಕೌಸ್ಟಿಕ್ ಗಿಟಾರಿನ ಆರರಲ್ಲಿ ನಾಲ್ಕು ದಪ್ಪ ತಂತಿಗಳಿಗೆ ಉಕ್ಕಿನ ಎಳೆಯ ಸುತ್ತ ಕಂಚಿನ ಎಳೆ ಬಿಗಿಯಾಗಿ ಸುತ್ತಿರುತ್ತದೆ. ಆ ಸುತ್ತುಗಳ ಸಂದಿಯಲ್ಲಿ ಬೆವರು, ಚರ್ಮದ ಜಿಡ್ಡು, ಧೂಳು ಸೇರುತ್ತವೆ. ತಂತಿ ಅಲ್ಲಲ್ಲಿ ಭಾರವಾಗುತ್ತದೆ, ನಾದದ ಮೇಲಿನ ಮಿನುಗು ಮೊದಲು ಅಡಗುತ್ತದೆ. ಕೋಟಿಂಗ್ ಸಂದಿಗಳನ್ನೂ ಮುಚ್ಚುವುದರಿಂದ ಈ ಕೊಳೆ ಒಳಗಿಳಿಯದು. ಆದ್ದರಿಂದಲೇ ಸಾಮಾನ್ಯ ತಂತಿಗಿಂತ ಮೂರ್ನಾಲ್ಕು ಪಟ್ಟು ಹೆಚ್ಚು ಬಾಳುತ್ತದೆ, ಬೆಲೆಯೂ ಹೆಚ್ಚು. ಆದರೆ ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಯ, ಅಂದರೆ ಫ್ರೆಟ್ಟಿನ ಏಟಿಗೆ ಕೋಟಿಂಗ್ ಏನೂ ಮಾಡಲಾರದು. ದಿನವೂ ಒತ್ತುವ ಜಾಗಗಳಲ್ಲಿ ತಂತಿಯ ಕೆಳಮೈ ತಗ್ಗು ಬೀಳುತ್ತದೆ. ಉಗುರಿನಿಂದ ಅಡಿಗಡೆ ಸವರಿದರೆ ಒಂದು, ಎರಡು, ಮೂರನೇ ಫ್ರೆಟ್ಟಿನ ಮೇಲೆ ಆ ತಗ್ಗುಗಳು ಒಂದೊಂದಾಗಿ ತಾಗುತ್ತವೆ.

ಸಾಮಾನ್ಯ ತಂತಿ ಸಾಯುವಾಗ ಕೂಗಿ ಹೇಳುತ್ತದೆ: ಕಪ್ಪಾಗುತ್ತದೆ, ಬೆರಳಿಗೆ ಒರಟಾಗುತ್ತದೆ. ಕೋಟಿಂಗ್ ತಂತಿ ಹಾಗಲ್ಲ. ತಿಂಗಳುಗಟ್ಟಲೆ ಹೊಳೆಯುತ್ತಲೇ ಇರುತ್ತದೆ, ನಾದ ಮಾತ್ರ ಇಷ್ಟಿಷ್ಟೇ ಇಳಿಯುತ್ತದೆ. ದಿನವೂ ಕೇಳುವ ಕಿವಿ ಅದಕ್ಕೇ ಒಗ್ಗಿಹೋಗುತ್ತದೆ. ಹೀಗಾಗಿ ಕಣ್ಣನ್ನು ನಂಬುವ ಹಾಗಿಲ್ಲ. ಮೀಟುವ ಜಾಗದಲ್ಲಿ ಕೋಟಿಂಗ್ ಸುಲಿದು ಬಿಳಿ ನೂಲಿನಂತೆ ಎದ್ದರೆ ಕೆಲವರು ಗಾಬರಿಯಾಗುತ್ತಾರೆ. ಅದು ನೋಟಕ್ಕೆ ಕೆಟ್ಟದ್ದು, ನಾದ ಚೆನ್ನಾಗಿದ್ದರೆ ಬದಲಿಸುವ ಅಗತ್ಯವಿಲ್ಲ.

ನಾನು ನಂಬುವುದು ಹನ್ನೆರಡನೇ ಫ್ರೆಟ್ಟನ್ನು. ಸರಿಯಾಗಿ ಆ ಫ್ರೆಟ್ಟಿನ ಮೇಲೆ ತಂತಿಯನ್ನು ಒತ್ತದೆ ಬೆರಳು ಸೋಕಿಸಿ ಮೀಟಿದರೆ ಗಂಟೆಯ ದನಿಯಂಥ ಸ್ವರ ಬರುತ್ತದೆ. ಈಗ ಅದೇ ಫ್ರೆಟ್ಟಿನಲ್ಲಿ ಒತ್ತಿ ಮೀಟಿ. ಎರಡೂ ಒಂದೇ ಸ್ವರವಾಗಿರಬೇಕು. ತಂತಿ ಹೊಸತಿದ್ದಾಗ ಕೂಡುತ್ತಿದ್ದ ಸ್ವರಗಳು ಈಗ ಕೂಡದಿದ್ದರೆ, ಬಿರಡೆ ಎಷ್ಟು ತಿರುಗಿಸಿದರೂ ಕೆಳಗಿನ ಫ್ರೆಟ್ಟುಗಳಲ್ಲಿ ಶ್ರುತಿ ಸರಿಯಾಗಿ ಮೇಲಿನವುಗಳಲ್ಲಿ ತಪ್ಪುತ್ತಿದ್ದರೆ, ಆ ತಂತಿಯ ಕಾಲ ಮುಗಿದಿದೆ. ಮಂಕು ನಾದವನ್ನು ಇಷ್ಟಪಡುವವರಿದ್ದಾರೆ, ಅದು ತಪ್ಪಲ್ಲ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಮಹಾನ್ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ತಂತಿ ತುಂಡಾಗದೆ ಬದಲಿಸುತ್ತಿರಲಿಲ್ಲವೆಂದು ಪ್ರಸಿದ್ಧಿ. ಹಳೆಯ ತಂತಿಯ ಆ ಗುಮ್ಮೆನ್ನುವ ನಾದವೇ ಅವರ ಗುರುತು. ನಾದ ರುಚಿಗೆ ಬಿಟ್ಟದ್ದು, ಶ್ರುತಿ ಹಾಗಲ್ಲ.

ಬದಲಿಸುವ ಕೆಲಸವೇ ನನಗೊಂದು ಹಬ್ಬ. ಚಾಪೆಯ ಮೇಲೆ ಹಳೆಯ ಪಂಚೆ ಹಾಸಿ ಗಿಟಾರ್ ಮಲಗಿಸುತ್ತೇನೆ. ಬಿರಡೆ ಸಡಿಲಿಸಿದಂತೆ ತಂತಿಯ ದನಿ ಇಳಿಯುತ್ತ ಇಳಿಯುತ್ತ ಕೊನೆಗೆ ಬರೀ ಪಟಪಟ ಸದ್ದಾಗುತ್ತದೆ. ಎಲ್ಲ ತೆಗೆದ ಮೇಲೆ ಫ್ರೆಟ್ಟುಗಳ ನಡುವಿನ ಬೀಟೆ ಮರವನ್ನು ಒರೆಸಲು ಸಿಗುವ ಅವಕಾಶ ಬೇರೆ ಹೊತ್ತಿನಲ್ಲಿ ಇಲ್ಲ. ಹೊಸ ತಂತಿಯ ತುದಿಯ ಗುಂಡನ್ನು ಬ್ರಿಜ್ಜಿನ ತೂತಿಗಿಳಿಸಿ, ಪಿನ್ನು ಒತ್ತಿ, ಬಿರಡೆಗೆ ಎರಡು ಮೂರು ಸುತ್ತು ಬರುವಷ್ಟು ಸಡಿಲ ಬಿಟ್ಟು ಬಿಗಿಯುತ್ತೇನೆ. ಬಿಗಿದ ಮೇಲೆ ತಂತಿಯನ್ನು ಮೆಲ್ಲಗೆ ಮೇಲಕ್ಕೆಳೆದು ಮತ್ತೆ ಶ್ರುತಿ ಮಾಡಬೇಕು, ಮತ್ತೆ ಎಳೆಯಬೇಕು. ಶ್ರುತಿ ಇಳಿಯುವುದು ನಿಂತ ಮೇಲೆ ಜಿ ಕಾರ್ಡ್ ಒಂದು ಸಲ ಮೀಟಿದರೆ ಗಿಟಾರಿನ ಹೊಟ್ಟೆ ನನ್ನ ಎದೆಗೊತ್ತಿಕೊಂಡೇ ನಡುಗುತ್ತದೆ. ಮೊದಲ ದಿನದ ಚುರುಕು ನನಗೆ ಸ್ವಲ್ಪ ಹೆಚ್ಚೇ. ವಾರ ಕಳೆದು ಅದು ಹದಕ್ಕೆ ಬಂದ ಮೇಲಿನ ಕಾಲವೇ ನನಗೆ ಪ್ರಿಯ. ಕೋಟಿಂಗ್ ಕೊಡುವ ದೊಡ್ಡ ಲಾಭವೆಂದರೆ ಆ ಹದದ ಕಾಲ ಉದ್ದವಾಗುವುದು.

ದಿನಕ್ಕೆ ಅರ್ಧ ಗಂಟೆ ನುಡಿಸುವವರಿಗೆ ನನ್ನ ಲೆಕ್ಕ ಮೂರರಿಂದ ಆರು ತಿಂಗಳು. ಕೈ ಹೆಚ್ಚು ಬೆವರುವವರಿಗೆ, ಕಡಲ ಹತ್ತಿರದವರಿಗೆ ಮೂರೇ. ಕಾರ್ಯಕ್ರಮವಿದ್ದರೆ ಎರಡು ಮೂರು ದಿನ ಮೊದಲೇ ಬದಲಿಸಿ, ಹಿಂದಿನ ರಾತ್ರಿಯಲ್ಲ. ನುಡಿಸುವ ಮೊದಲು ಕೈ ತೊಳೆಯಿರಿ, ನುಡಿಸಿದ ಮೇಲೆ ಒಣಬಟ್ಟೆಯಿಂದ ಒರೆಸಿ. ಹನ್ನೆರಡನೇ ಫ್ರೆಟ್ಟನ್ನು ತಿಂಗಳಿಗೊಮ್ಮೆ ಕೇಳಿ ನೋಡಿ.