ಬಾಯಿಲ್ಲದೆ ಹೀರುವ ಕ್ರಿಯಾಪದ

ಇಂಗ್ಲಿಷಿನ ‘ಅಬ್ಸಾರ್ಬ್’ ಎಂಬ ಪದದ ಮುಂದೆ ‘ಹೀರು’ ಎಂದು ಬರೆದುಕೊಂಡು ಪುಟ ತಿರುಗಿಸುವ ವಿದ್ಯಾರ್ಥಿಗಳೇ ಹೆಚ್ಚು. ಬೇರು ನೀರನ್ನು ಹೀರುತ್ತದೆ, ಅಲ್ಲಿಯವರೆಗೆ ಸರಿ. ಆದರೆ ಎಚ್.ಡಿ. ಕೋಟೆಯ ಕೆಂಪು ನೆಲದ ಮೇಲೆ ಮಳೆ ಸುರಿದರೆ ರೈತರು ‘ನೀರು ಇಂಗಿತು’ ಎನ್ನುತ್ತಾರೆ. ಕೆ.ಆರ್. ನಗರದಲ್ಲಿ ಬಿತ್ತನೆ ಬತ್ತ ‘ನೆನೆಯುತ್ತದೆ’. ಎರಡು ಕಡೆಯೂ ಇಂಗ್ಲಿಷಿಗೆ ‘ಅಬ್ಸಾರ್ಬ್’ ಒಂದೇ ಸಾಕು. ಕನ್ನಡದಲ್ಲಿ ಇಂಗುವುದು ನೀರು. ಇಂಗ್ಲಿಷಿನಲ್ಲಿ ಹೀರಿಕೊಳ್ಳುವುದು ನೆಲ. ಕರ್ತೃವೇ ಬದಲಾಗಿಬಿಡುತ್ತದೆ. ಅನುವಾದದಲ್ಲಿ ಮಕ್ಕಳು ಎಡವುವುದು ಇಲ್ಲೇ.

ಕಥೆಯಲ್ಲಿ ಮೈಮರೆತವನು ‘ಅಬ್ಸಾರ್ಬ್ಡ್ ಇನ್’ ಎನಿಸುತ್ತಾನೆ, ‘ಇನ್’ ಮರೆಯಬಾರದು. ದಿನಗೂಲಿಯವರನ್ನು ಇಲಾಖೆ ‘ಅಬ್ಸಾರ್ಬ್’ ಮಾಡಿಕೊಂಡಿತೆಂದರೆ ಸೇವೆಗೆ ಸೇರಿಸಿಕೊಂಡಿತೆಂದು. ಕ್ರಿಯಾಪದದ ಕೊನೆಗೆ ‘ಬಿ’, ‘ಅಬ್ಸಾರ್ಪ್ಷನ್’ಗೆ ಬಂದಾಗ ‘ಪಿ’. ಅಂಕ ಕಳೆದುಕೊಳ್ಳಲು ಆ ಒಂದಕ್ಷರ ಸಾಕು!

‘ಹೀರು’ ಎಂದೊಡನೆ ಬಾಯಿ ನೆನಪಾಗುತ್ತದೆ. ವಿಜ್ಞಾನದ ‘ಅಬ್ಸಾರ್ಬ್’ಗೆ ಬಾಯಿ ಬೇಡ, ಹೀರುವವನಿಗೆ ಗೊತ್ತಾಗುವುದೂ ಬೇಡ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬ್ಯಾರನ್ನುಗಳಲ್ಲಿ ಇದನ್ನು ನೋಡಬಹುದು. ಸುಮಾರು 70 ಡಿಗ್ರಿ ಸೆಲ್ಸಿಯಸ್‌ವರೆಗಿನ ಶಾಖದಲ್ಲಿ ಒಣಗಿದ ಎಲೆ ಮುಟ್ಟಿದರೆ ಹಪ್ಪಳದಂತೆ ಪುಡಿಯಾಗುತ್ತದೆ. ಬಾಗಿಲು ತೆರೆದಿಟ್ಟರೆ ಅದೇ ಎಲೆ ಗಾಳಿಯ ತೇವ ಹೀರಿ ಮೆದುವಾಗುತ್ತದೆ. ಆಮೇಲೆ ಇಳಿಸಬಹುದು.

ಹೊಲದಲ್ಲಿ ನಡೆಯುವ ಹೀರುವಿಕೆ ಇಷ್ಟು ಹಿತವಾದದ್ದಲ್ಲ. ಈ ಸೀಮೆಯಲ್ಲಿ ಸೊಪ್ಪು ಮುರಿಯುವುದು ಮಳೆಗಾಲದಲ್ಲಿ. ಹಸಿ ಎಲೆಯ ನಿಕೋಟಿನ್ ಮಳೆಹನಿಯಲ್ಲಿ, ಇಬ್ಬನಿಯಲ್ಲಿ, ಬೆವರಿನಲ್ಲಿ ಕರಗುತ್ತದೆ. ಸೊಪ್ಪನ್ನು ಕಂಕುಳಲ್ಲಿ ಅವುಚಿಕೊಂಡು ಸಾಲು ಮುಗಿಸುವವರ ಚರ್ಮ ಅದನ್ನು ಸದ್ದಿಲ್ಲದೆ ಒಳಕ್ಕೆ ಸೆಳೆದುಕೊಳ್ಳುತ್ತದೆ. ಬೀಡಿಯನ್ನೇ ಮುಟ್ಟದವರಿಗೂ ತಲೆಸುತ್ತು, ಓಕರಿಕೆ, ವಾಂತಿ, ಸುಸ್ತು. ವೈದ್ಯರು ಇದನ್ನು ‘ಗ್ರೀನ್ ಟೊಬ್ಯಾಕೊ ಸಿಕ್‌ನೆಸ್’ ಎನ್ನುತ್ತಾರೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿದುಹೋಗುವುದರಿಂದ ಪಿತ್ತವೆಂದೋ ದೃಷ್ಟಿಯೆಂದೋ ಭಾವಿಸುವುದು ಸುಲಭ. ಮೈ ಚಿಕ್ಕದಾದಷ್ಟೂ ಅದೇ ಪ್ರಮಾಣದ ವಿಷ ಹೆಚ್ಚು ಕಾಡುತ್ತದೆ. ಒಂದು ದಿನ ಶಾಲೆ ತಪ್ಪಿಸಿ ಮಗುವನ್ನು ಹೊಲಕ್ಕೆ ಕರೆದೊಯ್ಯುವ ಮುನ್ನ ತಂದೆತಾಯಿ ಇದನ್ನು ಯೋಚಿಸಬೇಕು. ಪಾಠದ ನಷ್ಟ ಬೇರೆಯೇ ಮಾತು.

ಎಲೆ ಆರಿದ ಮೇಲೆ ಮುರಿಯುವುದು, ಕೈಗವಸು ಹಾಕುವುದು, ಎದೆ-ಕಂಕುಳಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಳ್ಳುವುದು, ಒದ್ದೆ ಬಟ್ಟೆ ಕೂಡಲೇ ಬದಲಿಸಿ ಸೋಪು ಹಚ್ಚಿ ತೊಳೆಯುವುದು, ಇವು ದೊಡ್ಡವರಿಗೆ. ಮಕ್ಕಳನ್ನಂತೂ ಹಸಿ ಸೊಪ್ಪಿನ ಹತ್ತಿರ ಬಿಡದಿರುವುದೇ ಸರಿ. ವಾಂತಿ ನಿಲ್ಲದಿದ್ದರೆ ಆಸ್ಪತ್ರೆಗೆ ಒಯ್ದು, ಹೊಗೆಸೊಪ್ಪು ಮುರಿಯುತ್ತಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲೇ ಹೇಳಬೇಕು.