ಇಪ್ಪತ್ತರ ಮೇಲಿನ ಎಣಿಕೆ

ಬಾಲಿ ದ್ವೀಪದ ಸಂತೆಯನ್ನು ನೋಡಬೇಕೆನ್ನುವವರು ಬೆಳಕು ಹರಿಯುವ ಮೊದಲೇ ಏಳಬೇಕು. ಬಿಸಿಲೇರಿದ ಮೇಲೆ ಎಷ್ಟೋ ಸಂತೆಗಳಲ್ಲಿ ಉಳಿಯುವುದು ಪ್ರವಾಸಿಗರಿಗೆಂದು ತೂಗುಹಾಕಿದ ಬಾತಿಕ್ ಬಟ್ಟೆ, ಮರದ ಬೊಂಬೆ. ಊರಿನ ಅಡಿಗೆಮನೆಗೂ ದೇವರಿಗೂ ಬೇಕಾದುದು ಅಷ್ಟರಲ್ಲಿ ಮನೆ ಸೇರಿರುತ್ತದೆ.

ಮುಂಬಯಿಯ ಮುಲುಂಡಿನಿಂದ ಹೋಗಿದ್ದ ಕನ್ನಡ ಕುಟುಂಬವೊಂದು ದೆನ್‌ಪಸಾರ್ ನಗರದ ಬಾದುಂಗ್ ಮಾರುಕಟ್ಟೆಯನ್ನು ಹೊಕ್ಕಾಗ ದೀಪಗಳಿನ್ನೂ ಉರಿಯುತ್ತಿದ್ದವು. ಉಡುಪಿ ಕಡೆಯ ಅಜ್ಜಿ, ಸೊಸೆ, ಹನ್ನೊಂದರ ಮೊಮ್ಮಗಳು, ಎಂಟರ ಮೊಮ್ಮಗ. ಹಳೆಯ ಕಟ್ಟಡ 2016ರ ಬೆಂಕಿಗೆ ತುತ್ತಾಗಿ, 2019ರಲ್ಲಿ ಹೊಸದು ಎದ್ದಿದೆ. ಗೋಡೆಗಳು ಹೊಸವು, ವ್ಯಾಪಾರದ ರೀತಿ ಹಳೆಯದು. ಮಾರುವವರಲ್ಲಿ ಹೆಚ್ಚಿನವರು ಹೆಂಗಸರು. ತಲೆಯ ಮೇಲೆ ಹೊರೆ, ಸೊಂಟಕ್ಕೆ ಬಿಗಿದ ಸೆರಗು.

ಸಂತೆಗೆ ಅಲ್ಲಿ 'ಪಸಾರ್' ಎನ್ನುತ್ತಾರೆ. "ಅಜ್ಜಿ ಹೇಳುವ ಪಸಾರವೇ?" ಎಂದು ಹುಡುಗ ಕೇಳಿದ. ಭಾನುವಾರಗಳಂದು ಮಕ್ಕಳಿಗೆ ಕನ್ನಡ ಕಲಿಸುವ ತಾಯಿ, ಅವರದು ಪಾರಸಿಯ 'ಬಾಜಾರ್', ನಮ್ಮದು ಸಂಸ್ಕೃತದ 'ಪ್ರಸಾರ' ಎಂದು ಬಿಡಿಸಿ ಹೇಳಿದಳು. ಅಜ್ಜಿಗೆ ಈ ಪಾಂಡಿತ್ಯ ರುಚಿಸಲಿಲ್ಲ. "ಹರಡಿಕೊಂಡು ಕೂತದ್ದೆಲ್ಲ ಪಸಾರವೇ ಅಲ್ಲವೇನೆ?"

ಅಜ್ಜಿಯ ಕಾಲುಗಳು ನಿಂತದ್ದು 'ಚನಾಂಗ್' ಮಾರುವವಳ ಮುಂದೆ. ತೆಂಗಿನ ಎಳೆಗರಿಯನ್ನು ಕಡ್ಡಿ ಚುಚ್ಚಿ ಕಟ್ಟಿದ ಅಂಗೈಯಗಲದ ದೊನ್ನೆ. ಒಳಗೆ ಹೂವು, ಸಣ್ಣಗೆ ಹೆಚ್ಚಿದ ಕೇದಗೆ ಜಾತಿಯ ಎಲೆ. ಪೂರ್ವಕ್ಕೆ ಬಿಳಿ, ದಕ್ಷಿಣಕ್ಕೆ ಕೆಂಪು, ಪಶ್ಚಿಮಕ್ಕೆ ಹಳದಿ, ಉತ್ತರಕ್ಕೆ ನೀಲಿ ಇಲ್ಲವೆ ಹಸಿರು. ಪ್ರತಿದಿನ ಮನೆಯ ಗುಡಿಯಲ್ಲಿ, ಹೊಸ್ತಿಲಲ್ಲಿ, ಅಂಗಡಿಯ ಮುಂದೆ ಇವನ್ನು ಇಡುತ್ತಾರೆ. ಗರಿಯನ್ನು ಮುಟ್ಟಿ ನೋಡಿದ ಅಜ್ಜಿ, ಭೂತಕೋಲದ ಸಿರಿಯೂ ಇದೇ ಎಳೆಗರಿಯದೆಂದು ಮೊಮ್ಮಕ್ಕಳಿಗೆ ತಿಳಿಸಿದರು. ಮಕ್ಕಳು ಭೂತಕೋಲವನ್ನು ಕಂಡದ್ದು ದೂರವಾಣಿಯ ಪರದೆಯ ಮೇಲೆ ಮಾತ್ರ.

ಕೊಟ್ಟ ನೋಟನ್ನು ಮಾರುವವಳು ಉಳಿದ ಸರಕಿನ ಮೇಲೆಲ್ಲ ತಟ್ಟಿದಳು. ದಿನದ ಮೊದಲ ವ್ಯಾಪಾರದ ಈ ಹಣಕ್ಕೆ ಅಲ್ಲಿ 'ಪೆಂಗ್ಲಾರಿಸ್' ಎಂದು ಹೆಸರು. "ಬೋಣಿ!" ಎಂದು ಮಕ್ಕಳಿಬ್ಬರೂ ಒಟ್ಟಿಗೆ ಕೂಗಿದರು. ಮುಲುಂಡಿನ ತರಕಾರಿಯವಳು ನೋಟನ್ನು ಕಣ್ಣಿಗೊತ್ತಿಕೊಳ್ಳುವುದನ್ನು ಅವರು ಬಲ್ಲರು.

ಮಗಳ ಕಿವಿಗೆ ಬೇರೊಂದು ಸಂಗತಿ ಬಿದ್ದಿತ್ತು. ಆಕೆ ಇವರೊಡನೆ ಇಂಡೋನೇಶಿಯಾದ ರಾಷ್ಟ್ರಭಾಷೆಯಲ್ಲಿ, ಪಕ್ಕದವಳೊಡನೆ ಬಾಲಿ ಭಾಷೆಯಲ್ಲಿ ಮಾತನಾಡುತ್ತಿದ್ದಳು. "ನಮ್ಮ ಹಾಗೇ ಅಲ್ಲವೇನಮ್ಮ?" ತಾಯಿ ಹೌದೆನ್ನಲಿಲ್ಲ. ಬಾಲಿಯ ಶಾಲೆಗಳಲ್ಲಿಯೂ ಬೋಧನೆ ಇಂಡೋನೇಶಿಯನ್ ಭಾಷೆಯಲ್ಲಿ. ಬಾಲಿ ಒಂದು ಪಾಠದ ವಿಷಯ ಮಾತ್ರ. ಆದರೆ ಸಂತೆಯಲ್ಲಿ ಅದಕ್ಕೆ ದುಡಿಮೆಯಿದೆ. ಸಾಲ, ಚೌಕಾಸಿ, ಜಗಳ ಎಲ್ಲವೂ ಅದರಲ್ಲಿಯೇ. ಮುಲುಂಡಿನ ಆ ಮನೆಯ ಕನ್ನಡವಾದರೋ ಬಾಗಿಲಿನವರೆಗೆ ಬಂದು ಚಪ್ಪಲಿಯೊಡನೆ ನಿಲ್ಲುತ್ತದೆ. ತಾಯಿ ನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಓದಿದವಳು. ಮಕ್ಕಳದು ಇಂಗ್ಲಿಷ್ ಮಾಧ್ಯಮ, ಹಿಂದಿಯ ಲೆಕ್ಕ.

ಹತ್ತಕ್ಕೆ ಬಾಲಿಯಲ್ಲಿ 'ದಸ' ಎನ್ನುತ್ತಾರೆಂದು ತಿಳಿದು ಅವಳಿಗೆ ಹಿಗ್ಗು. ಶಬ್ದಸಾಮ್ಯದ ಸಂತೋಷ ಓದಿದವರಿಗೆ ಸುಲಭವಾಗಿ ಒದಗುವಂಥದು. ಅದರಿಂದ ಯಾವ ಮಗುವೂ ಎಣಿಸಲು ಕಲಿತದ್ದಿಲ್ಲ.

ತಂಗಿದ್ದ ಮನೆಯವರ ಗುಡಿಗೆಂದು ಅಜ್ಜಿ ಇಪ್ಪತ್ತೈದು ದೊನ್ನೆ ಕೊಂಡಿದ್ದರು. ಬುಟ್ಟಿಗೆ ಹಾಕುತ್ತ ಎಣಿಸುವ ಕೆಲಸ ಹುಡುಗನದು. ಅವನ ಜೊತೆಗೆ ಮಾರುವವಳೂ ತನ್ನ ಭಾಷೆಯಲ್ಲಿ ಎಣಿಸತೊಡಗಿದಳು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಹುಡುಗ ಅಲ್ಲಿಗೆ ತಡೆದ. "ಸೆಲಿಕುರ್" ಎಂದು ಆಕೆ ಮುಂದಿನದನ್ನು ಕೈಗೆತ್ತಿಕೊಂಡಳು. ಹುಡುಗ ತಾಯಿಯ ಮುಖ ನೋಡಿ, ಮೆಲ್ಲನೆ, "ಇಕ್ಕೀಸ್" ಎಂದ.

ತಾಯಿ ತಿದ್ದಲಿಲ್ಲ. ಅಜ್ಜಿ ದೊನ್ನೆಗಳನ್ನು ಒಂದೊಂದಾಗಿ ಬುಟ್ಟಿಯಿಂದ ತೆಗೆದು, ಹೂವು ಚೆಲ್ಲದಂತೆ ಮತ್ತೆ ಚಾಪೆಯ ಮೇಲೆ ಸಾಲಾಗಿ ಇಟ್ಟು, "ಮೊದಲಿಂದ ಎಣಿಸು ಮಗಾ" ಎಂದರು.