ಅರಸುವ ಯಂತ್ರ, ಅಡಗುವ ಪದ

'ಅರಸಿ' ಎಂಬ ಮೂರಕ್ಷರ ರಾಣಿಯೂ ಹೌದು, 'ಹುಡುಕಿ' ಎಂಬ ಕ್ರಿಯಾರೂಪವೂ ಹೌದು. ವಾಕ್ಯವನ್ನು ಓದುವವರಿಗೆ ಇದು ತೊಡಕೇ ಅಲ್ಲ. ಗಣಕದ ಶೋಧವ್ಯವಸ್ಥೆಗೆ ಮಾತ್ರ ಪದವರ್ಗ ನಿರ್ಣಯವಾಗದೆ ಎರಡನ್ನೂ ಬೇರ್ಪಡಿಸಲಾಗದು. ಶೋಧವೆಂದರೆ ಅಕ್ಷರಗಳ ಹೋಲಿಕೆಯಷ್ಟೇ ಎಂಬ ತಿಳಿವಳಿಕೆ ಸಾಲದು. ಅಕ್ಷರ ಗುರುತಿಸುವಿಕೆ, ಸಂಧಿವಿಚ್ಛೇದ, ಪದವಿಶ್ಲೇಷಣೆ, ಅರ್ಥನಿರ್ಣಯ ಇವೆಲ್ಲ ಅಲ್ಲಿ ಒಂದರ ಹೆಗಲ ಮೇಲೊಂದು ನಿಂತಿರುತ್ತವೆ.

ಹಳೆಯ ಮುದ್ರಣವೊಂದರಲ್ಲಿ ಠಕಾರದ ನಡುವಣ ಚುಕ್ಕಿ ಮಾಸಿದ್ದರೆ, ಪುಟದ ಬಿಂಬದಿಂದ ಪಠ್ಯ ತೆಗೆಯುವ ತಂತ್ರಾಂಶ ಅದನ್ನು ರಕಾರವೆಂದು ಓದಬಹುದು. ಆಗ 'ಮಠಕ್ಕೆ ಬಿಟ್ಟ ಭೂಮಿ' ಮರಕ್ಕೆ ಬಿಟ್ಟ ಭೂಮಿಯಾಗುತ್ತದೆ. 'ಮರ'ವೂ ನಿಘಂಟಿನ ಪದವೇ ಆದ್ದರಿಂದ ಕಾಗುಣಿತ ಪರೀಕ್ಷಕ ಚಕಾರವೆತ್ತುವುದಿಲ್ಲ. ಪದವಿಶ್ಲೇಷಕವಂತೂ ಚತುರ್ಥಿ ಪ್ರತ್ಯಯವನ್ನು ಶಾಸ್ತ್ರೋಕ್ತವಾಗಿ ಕಳಚಿ, ದಾನಶಾಸನವನ್ನು ವೃಕ್ಷಗಳ ಸಾಲಿಗೆ ಸೇರಿಸುತ್ತದೆ!

'ಊರಿಲ್ಲ'ದೊಳಗಿನ 'ಊರು' ಕಾಣಬೇಕಾದರೆ 13ನೆಯ ಶತಮಾನದ ಕೇಶಿರಾಜ ವಿವರಿಸಿದ ಲೋಪಸಂಧಿಯನ್ನು ಹಿಮ್ಮುಖವಾಗಿ ನಡೆಸಬೇಕು. 'ಹಾಲು' ಎಂದು ಕೇಳಿದಾಗ ಹಳಗನ್ನಡದ 'ಪಾಲ್' ದೊರೆಯಲು ಪಕಾರ ಹಕಾರವಾದ ಚರಿತ್ರೆಯೂ ವ್ಯವಸ್ಥೆಗೆ ತಿಳಿದಿರಬೇಕು. ಹಾಗೆಂದು ಪಕಾರವನ್ನೆಲ್ಲ ಬದಲಿಸಹೊರಟರೆ, ಆಸ್ತಿಯ 'ಪಾಲು' ಹಾಲಿನೊಡನೆ ಬೆರೆತುಹೋಗುತ್ತದೆ.

ಶೋಧದ ಫಲಿತಾಂಶ ಶೂನ್ಯವಾದಾಗ 'ಈ ಗ್ರಂಥದಲ್ಲಿ ಈ ಪದಪ್ರಯೋಗವಿಲ್ಲ' ಎಂದು ಬರೆದುಬಿಡುವ ಸಂಶೋಧಕರಿಗೆ, ಇವುಗಳಲ್ಲಿ ಯಾವ ಹಂತ ಸೋತಿತೆಂಬುದು ತೆರೆಯ ಮೇಲೆ ಕಾಣುವುದಿಲ್ಲ. ಇಲ್ಲವೆಂಬುದಕ್ಕೆ ಯಂತ್ರದ ಮೌನ ಆಧಾರವಾಗಲಾರದು. ಮೂಲಪುಟದ ಬಿಂಬವನ್ನೂ ಪಠ್ಯದ ಪಕ್ಕದಲ್ಲಿರಿಸಿದ ಸಂಗ್ರಹಗಳಲ್ಲಾದರೆ ಪುಟ ತಿರುವಿ ನೋಡುವ ಅವಕಾಶವಿದೆ; ಬರಿಯ ಪಠ್ಯವಿರುವಲ್ಲಿ ಅದೂ ಇಲ್ಲ.